ಮೂವತ್ತು ಶೇಕಡಾ ಲಾಭ: ಬಿಸಿಲಿಗೆ ಕರಗುವ ಭರವಸೆ

ಊರಾಚೆ ಬಿಡಾರ ಹೂಡುವವರ ವಾಹನಗಳಿಗೆ ಸೌರಫಲಕ ಅಳವಡಿಸುವ ಕೈಪಿಡಿಗಳನ್ನು ನೀವು ನೋಡಿರಬಹುದು. ಎಂಪಿಪಿಟಿ ನಿಯಂತ್ರಕ ಹಾಕಿದರೆ 30% ಹೆಚ್ಚು ವಿದ್ಯುತ್ ಸಿಗುತ್ತದೆಂಬ ಮಾತು ಅವುಗಳಲ್ಲಿ ಸಾಮಾನ್ಯ. ಇದು ಅರ್ಧಸತ್ಯ.

ಲೆಕ್ಕ ಮಾಡಿ ನೋಡಿ. 100 ವಾಟ್ ಫಲಕವು 18 ವೋಲ್ಟ್‌ನಲ್ಲಿ ಸುಮಾರು 5.5 ಆಂಪೇರ್ ಕೊಡುತ್ತದೆ. ಸಾದಾ ಪಿಡಬ್ಲ್ಯೂಎಂ ನಿಯಂತ್ರಕವು ಫಲಕವನ್ನು ಬ್ಯಾಟರಿಯ 13 ವೋಲ್ಟ್‌ಗೆ ಇಳಿಸುವುದರಿಂದ ದೊರೆಯುವುದು ಸುಮಾರು 72 ವಾಟ್. ಎಂಪಿಪಿಟಿ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಇಷ್ಟು ಸರಿ.

ಆದರೆ ಆ 18 ವೋಲ್ಟ್, ಕೋಶದ ಉಷ್ಣತೆ 25° ಸೆ. ಇದ್ದಾಗಿನ ಅಳತೆ. ಕಾದ ಚಾವಣಿಯ ಮೇಲೆ ಅದು 60° ಮುಟ್ಟಬಹುದು. ಡಿಗ್ರಿಗೆ ಸುಮಾರು 0.4% ಕುಸಿದರೆ ಉಳಿಯುವುದು 86 ವಾಟ್. ಕುಸಿಯುವುದು ಮುಖ್ಯವಾಗಿ ವೋಲ್ಟೇಜ್, ವಿದ್ಯುತ್ಪ್ರವಾಹವಲ್ಲ. ಹಾಗಾಗಿ ಸಾದಾ ನಿಯಂತ್ರಕದ 72 ವಾಟ್ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. 39% ಇದ್ದ ಲಾಭ 19%ಕ್ಕೆ ಇಳಿಯಿತು!

ಕೈಪಿಡಿ ನಂಬಿ ಚಿಕ್ಕ ಫಲಕ ಹಾಕಿದರೆ ಸೀಸ-ಆಮ್ಲ ಬ್ಯಾಟರಿ ದಿನವೂ ಅರೆಬರೆ ಚಾರ್ಜ್ ಆಗುತ್ತದೆ. ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಅದರ ಆಯುಸ್ಸು ಕುಗ್ಗುತ್ತದೆ. ನಿಯಂತ್ರಕಕ್ಕೆ ಹಣ ಸುರಿಯುವ ಮೊದಲು ಫಲಕದಡಿ ಗಾಳಿಯಾಡಲು ಜಾಗ ಬಿಡಿ. ಉಷ್ಣತೆಯನ್ನು ಹೇಳದ ಶೇಕಡಾವಾರು ಅಂಕಿಯನ್ನು ಒಪ್ಪಬೇಡಿ.