ರಜೆಗೊಂದು ಗುರುಕುಲ

ಕಲಾ ಶಿಬಿರವೆಂದರೆ ರಜೆಯ ದಿನಗಳನ್ನು ಊರು ಸುತ್ತುವುದರಲ್ಲೇ ಸವೆಸದೆ, ಒಂದು ಕಡೆ ತಳವೂರಿ, ಬಲ್ಲವರ ಬಳಿ ಒಂದು ಕಲೆಯನ್ನೋ ಕಸುಬನ್ನೋ ಅಭ್ಯಾಸ ಮಾಡುವ ವಾಸ್ತವ್ಯ. ಬೆಳಿಗ್ಗೆ ಪಾಠ, ಮಧ್ಯಾಹ್ನ ಅಭ್ಯಾಸ, ಸಂಜೆ ಪ್ರದರ್ಶನ ಎಂಬುದು ಅದರ ಸಾಮಾನ್ಯ ದಿನಚರಿ. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರಕ್ಕೆ ಹೋಗಿ ಬಂದ ಕನ್ನಡಿಗರಿಗೆ ಇದು ಹೊಸದಲ್ಲ. ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ಇದೇ ಕ್ರಮ ಪ್ರವಾಸದೊಂದಿಗೆ ಬೆಸೆದುಕೊಂಡಿದೆ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಎರಡೂ ಊರುಗಳನ್ನು ಹಾದುಹೋಗುವುದರಿಂದ ಒಂದೇ ರಜೆಯಲ್ಲಿ ಎರಡನ್ನೂ ಕಾಣಬಹುದು.

ಐಷಾರಾಮಿ ಹೋಟೆಲಿನ ಬಿಲ್ಲಿನಲ್ಲಿ ದೊಡ್ಡ ಪಾಲು ಕೋಣೆಗೆ, ಈಜುಕೊಳಕ್ಕೆ, ಕಿಟಕಿಯಾಚೆಯ ನೋಟಕ್ಕೆ ಸಲ್ಲುತ್ತದೆ. ಶಿಬಿರದಲ್ಲಿ ಬೆಲೆಬಾಳುವುದು ಗುರುವಿನ ಸಮಯ. ಅದು ಇಲ್ಲಿ ಕೈಗೆಟುಕುವುದಕ್ಕೆ ಕಾರಣವುಂಟು. ಕಥಕಳಿ, ಸಂಸ್ಕೃತ ನಾಟಕಪ್ರಯೋಗವಾದ ಕೂಡಿಯಾಟ್ಟಂ, ಸಮರಕಲೆಯಾದ ಕಳರಿ, ಕೈಮಗ್ಗ ಯಾವುದೂ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಗುರು, ಶಿಷ್ಯರು, ರಂಗ, ಮಗ್ಗ ಎಲ್ಲವೂ ಮೊದಲೇ ಇದ್ದವು. ಹೊರಗಿನಿಂದ ಬಂದವರು ಅಲ್ಲೊಂದು ಮೂಲೆಯಲ್ಲಿ ಜಾಗ ಪಡೆಯುತ್ತಾರೆ, ಅಷ್ಟೇ. ವಸತಿಯೂ ಹಾಗೆಯೇ. ಕೇರಳ ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳನ್ನು ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ವಿಂಗಡಿಸಿದೆ. ಮನೆಯವರು ಅಲ್ಲಿಯೇ ವಾಸವಿರಬೇಕೆಂಬುದು ನಿಯಮವಾದ್ದರಿಂದ ಪುಟ್ಟು, ಕಡಲೆ, ಮೀನುಸಾರು ಮನೆಯ ಅಡುಗೆಮನೆಯಿಂದಲೇ ಬರುತ್ತವೆ.

ಕೊಚ್ಚಿಯಲ್ಲಿ ಇಂಥ ವಾಸ್ತವ್ಯದ ಕೇಂದ್ರ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ. ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಹುಟ್ಟುಹಾಕಿದ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನ 2012ರ ಡಿಸೆಂಬರ್ 12ರಂದು ಶುರುವಾದ ಮೇಲೆ ಸಾಂಬಾರ ಪದಾರ್ಥಗಳ ಹಳೆಯ ಗೋದಾಮುಗಳಿಗೆ ಹೊಸ ಬಳಕೆ ಬಂತು. ಆಸ್ಪಿನ್‌ವಾಲ್ ಹೌಸ್ ಪ್ರದರ್ಶನದ ಮುಖ್ಯ ತಾಣವಾಯಿತು. ನೀರಂಚಿನ ಪೆಪ್ಪರ್ ಹೌಸ್‌ನಲ್ಲಿ ಕಲಾವಿದರು ಉಳಿದು ಕೆಲಸ ಮಾಡುವ ವ್ಯವಸ್ಥೆ ಬೆಳೆಯಿತು. ಬಿನಾಲೆ ನಡೆಯುವ ತಿಂಗಳುಗಳಲ್ಲಿ ಉಪನ್ಯಾಸ, ಕಾರ್ಯಾಗಾರಗಳಿಗೆ ಬರವಿಲ್ಲ. ಆದರೆ ಕೋಣೆಯ ದರ ಏರುವುದೂ ಆಗಲೇ.

ಕಥಕಳಿಯನ್ನು ಹತ್ತಿರದಿಂದ ಬಲ್ಲವರು ಆಟ ಶುರುವಾಗುವುದಕ್ಕೆ ಗಂಟೆ ಮೊದಲೇ ಹೋಗಿ ಕೂರುತ್ತಾರೆ. ಫೋರ್ಟ್ ಕೊಚ್ಚಿಯ ಪ್ರದರ್ಶನಗಳಲ್ಲಿ ಬಣ್ಣ ಹಚ್ಚಿಕೊಳ್ಳುವುದನ್ನೂ ಪ್ರೇಕ್ಷಕರ ಎದುರಿಗೇ ಮಾಡುವ ರೂಢಿಯಿದೆ. ಮನಯೋಲ ಎಂಬ ಹಳದಿ ಕಲ್ಲನ್ನು ತೆಂಗಿನೆಣ್ಣೆಯಲ್ಲಿ ಅರೆದು, ನೀಲಿ ಬೆರೆಸಿದರೆ ‘ಪಚ್ಚ’ ವೇಷದ ಹಸಿರು ಸಿದ್ಧ. ನಟ ಮುಖದ ಗೆರೆಗಳನ್ನು ತಾನೇ ಬರೆದುಕೊಂಡು ಚಾಪೆಯ ಮೇಲೆ ಅಂಗಾತ ಮಲಗುತ್ತಾನೆ. ಚುಟ್ಟಿ ಕಲಾವಿದ ಅಕ್ಕಿಹಿಟ್ಟು, ಸುಣ್ಣದ ಕಲಸನ್ನು ಕೆನ್ನೆಯಂಚಿಗೆ ಎಳೆದು, ಅದರ ಮೇಲೆ ಕಾಗದದ ಅಂಚು ಕೂರಿಸುತ್ತಾನೆ. ಕೊನೆಗೆ ಕಣ್ಣಿನ ಕೆಳರೆಪ್ಪೆಯೊಳಗೆ ಚುಂಡಪ್ಪೂವಿನ ಬೀಜ ಇಟ್ಟಾಗ ಕಣ್ಣು ಕೆಂಪೇರುತ್ತದೆ. ಪೂರ್ಣ ವೇಷಕ್ಕೆ ಗಂಟೆಗಟ್ಟಲೆ ಬೇಕು. ವಾರದ ಅಭ್ಯಾಸದಿಂದ ಯಾರೂ ನಟರಾಗುವುದಿಲ್ಲ. ಆದರೆ 24 ಮೂಲಮುದ್ರೆಗಳಲ್ಲಿ ಕೆಲವನ್ನು ಕಲಿತವರಿಗೆ ರಂಗದ ಮೇಲಿನ ಕೈಮಾತು ತಿಳಿಯತೊಡಗುತ್ತದೆ.

ಭಿತ್ತಿಚಿತ್ರ ಕಲಿಯುವವರಿಗೆ ಮಟ್ಟಾಂಚೇರಿ ಅರಮನೆಯೇ ಪಠ್ಯ. ಪೋರ್ಚುಗೀಸರು ಕಟ್ಟಿ, ಡಚ್ಚರು ದುರಸ್ತಿ ಮಾಡಿದ ಈ ಕಟ್ಟಡದ ಶಯ್ಯಾಗೃಹದ ಗೋಡೆಗಳ ಮೇಲೆ ರಾಮಾಯಣ ಹರಡಿಕೊಂಡಿದೆ. ಹಳದಿ, ಕೆಂಪು, ಹಸಿರು, ಕಪ್ಪು, ಬಿಳಿ ಎಂಬ ಪಂಚವರ್ಣಗಳಲ್ಲಿ ಹಳದಿ, ಕೆಂಪು ಮಣ್ಣಿನವು, ಕಪ್ಪು ದೀಪದ ಕಾಡಿಗೆಯದು, ಬಿಳಿ ಸುಣ್ಣದ್ದು. ಅಲ್ಪಾವಧಿಯ ತರಗತಿಗಳಲ್ಲಿ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಳಸುವುದೇ ಹೆಚ್ಚು. ಆದರೂ ಬಣ್ಣ ತುಂಬುವ ಕ್ರಮ ಹಳೆಯದೇ: ಮೊದಲು ಹಳದಿ, ಕೊನೆಗೆ ಕಪ್ಪು ಗೆರೆ, ಎಲ್ಲ ಮುಗಿದ ಮೇಲೆ ಕಣ್ಣು.

ಕೊಚ್ಚಿಯಲ್ಲಿ ಕಣ್ಣಿಗೆ ಕೆಲಸ ಹೆಚ್ಚಾದರೆ ತಿರುವನಂತಪುರದಲ್ಲಿ ಮೈಗೆ, ಕಿವಿಗೆ. ಈಸ್ಟ್ ಫೋರ್ಟ್ ಬಳಿಯ ಸಿ.ವಿ.ಎನ್. ಕಳರಿ 1956ರಲ್ಲಿ ಆರಂಭವಾಯಿತು. ಸಾಂಪ್ರದಾಯಿಕ ಕುಳಿಕಳರಿ ನೆಲವನ್ನು ಅಗೆದು ತಗ್ಗಿಸಿದ, 42 ಅಡಿ ಉದ್ದ, 21 ಅಡಿ ಅಗಲದ ಅಂಕಣ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲುಗಳ ಪೂಜಾಪೀಠವಾದ ಪೂತ್ತರ. ಶಿಷ್ಯರು ಬಲಗಾಲಿಟ್ಟು ಒಳಗಿಳಿದು, ನೆಲ ಮುಟ್ಟಿ ನಮಸ್ಕರಿಸಿ, ಮೈ ಹದಗೊಳಿಸುವ ಮೆಯ್ಪಯಟ್ಟಿನಿಂದ ತೊಡಗುತ್ತಾರೆ. ಕೋಲು, ಕತ್ತಿ ಕೈಗೆ ಬರುವುದು ಬಹಳ ಕಾಲದ ಮೇಲೆ. ಕೋಟೆ ಪ್ರದೇಶದಲ್ಲೇ ಇರುವ ಮಾರ್ಗಿ ಸಂಸ್ಥೆಯನ್ನು ಡಿ. ಅಪ್ಪುಕುಟ್ಟನ್ ನಾಯರ್ 1970ರಲ್ಲಿ ಕಟ್ಟಿದರು. ಅಲ್ಲಿ ಕಥಕಳಿಯೂ, 2001ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಕೂಡಿಯಾಟ್ಟವೂ ನಡೆಯುತ್ತವೆ. ಸಂಗೀತಪ್ರಿಯರಿಗೆ ಜನವರಿ ಸರಿಯಾದ ತಿಂಗಳು. ಕನ್ನಡದಲ್ಲೂ ಕೃತಿಗಳನ್ನು ರಚಿಸಿದ ಸ್ವಾತಿ ತಿರುನಾಳ್ (1813–1846) ಕಟ್ಟಿಸಿದ ಕುದಿರಮಾಳಿಗ ಅರಮನೆಯ ಅಂಗಳದಲ್ಲಿ ಆಗ ಅವರದೇ ರಚನೆಗಳ ಕಚೇರಿಗಳು ನಡೆಯುತ್ತವೆ.

ಕಸುಬು ಕಲಿಯುವವರು ನಗರದಿಂದ ತುಸು ಹೊರಗೆ ಹೋಗಬೇಕು. ಬಲರಾಮಪುರದ ನೇಕಾರರ ಕೇರಿಗಳಲ್ಲಿ ಗುಂಡಿಮಗ್ಗದ ಲಾಳಿಯನ್ನು ಈಗಲೂ ಕೈಯಿಂದಲೇ ಎಸೆಯುತ್ತಾರೆ. ಗಂಜಿ ಹಚ್ಚಿದ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಾರೆ. 2009ರಲ್ಲಿ ಈ ಬಟ್ಟೆಗೆ ಭೌಗೋಳಿಕ ಗುರುತು ಸಿಕ್ಕಿತು. ಕೋವಳಂ ಬಳಿಯ ವೆಳ್ಳಾರ್‌ನ ಕೇರಳ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ವಿಲೇಜ್‌ನಲ್ಲಿ ಹಲವು ಕಸುಬುಗಳನ್ನು ಒಂದೇ ಆವರಣದಲ್ಲಿ ನೋಡಬಹುದು. ನೆಯ್ಯಾರ್ ಅಣೆಕಟ್ಟೆಯ ಶಿವಾನಂದ ಆಶ್ರಮದ ಯೋಗ ವಾಸ್ತವ್ಯ ಕಡಿಮೆ ಖರ್ಚಿನ ಹಳೆಯ ಮಾದರಿ: ಬೆಳಿಗ್ಗೆ ಆರಕ್ಕೆ ಸತ್ಸಂಗ, ದಿನಕ್ಕೆರಡು ಊಟ, ಡಾರ್ಮಿಟರಿಯಲ್ಲಿ ಹಾಸಿಗೆ.

ಖರ್ಚು ಇಳಿಸುವ ದೊಡ್ಡ ಉಪಾಯ ಕಾಲದ ಆಯ್ಕೆ. ಡಿಸೆಂಬರ್–ಜನವರಿಯಲ್ಲಿ ಗಗನಕ್ಕೇರುವ ದರ ಜೂನ್‌ನಿಂದ ಆಗಸ್ಟ್‌ವರೆಗೆ ಇಳಿಯುತ್ತದೆ. ಪ್ರವಾಸಿಗರು ಮಳೆಗೆ ಹೆದರಿ ದೂರವಿರುವ ಈ ಹೊತ್ತೇ ಕಳರಿಗೆ, ಕಥಕಳಿಗೆ ನಿಜವಾದ ಅಭ್ಯಾಸಕಾಲ. ತುಳುನಾಡಿನ ಆಟಿಗೆ ಹೊಂದುವ ಕರ್ಕಾಟಕ ಮಾಸದಲ್ಲಿ ಮೈಗೆ ಎಣ್ಣೆ ತಿಕ್ಕಿ, ಕಾಲಿನಿಂದ ತುಳಿದು ಹದಗೊಳಿಸುವ ಉಳಿಚ್ಚಿಲ್ ನಡೆಯುವುದು ಆಗಲೇ. ಔಷಧ ಗಂಜಿ ಕುಡಿಯುವ ರೂಢಿಯೂ ಆ ತಿಂಗಳಿನದೇ. ಉತ್ಸವ, ಕಚೇರಿ ಬೇಕಾದವರಿಗೆ ಮಾತ್ರ ಚಳಿಗಾಲ ಅನಿವಾರ್ಯ.

ಶಿಬಿರ ಆರಿಸುವಾಗ ಮೊದಲು ಕೇಳಬೇಕಾದ್ದು ಅಲ್ಲಿ ವರ್ಷವಿಡೀ ಕಲಿಯುವ ಸ್ಥಳೀಯ ಶಿಷ್ಯರಿದ್ದಾರೆಯೇ ಎಂಬುದನ್ನು. ಇದ್ದರೆ ಪಾಠಕ್ಕೆ ಬೇರಿದೆ ಎಂದರ್ಥ. ಕಲಿಸುವವರು ಯಾರು, ಒಂದು ತಂಡದಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ತಾಸು ಗುರು ಎದುರಿಗಿರುತ್ತಾರೆ, ಬಣ್ಣ, ನೂಲು, ಎಣ್ಣೆಯ ಖರ್ಚು ಶುಲ್ಕದಲ್ಲಿ ಸೇರಿದೆಯೇ ಎಂಬುವು ನಂತರದ ಪ್ರಶ್ನೆಗಳು. ಮೂರು ದಿನದಲ್ಲಿ ಐದು ಕಲೆಗಳ ಪರಿಚಯವೆಂಬ ಪ್ಯಾಕೇಜಿಗಿಂತ ವಾರಕ್ಕೊಂದೇ ಕಲೆ ಮೇಲು. ಪಾಠವನ್ನು ಸಂಸ್ಥೆಯಲ್ಲಿ ನೇರವಾಗಿ ಗೊತ್ತುಮಾಡಿಕೊಂಡು, ನಡೆದು ಹೋಗುವಷ್ಟು ದೂರದಲ್ಲಿ ಹೋಂಸ್ಟೇ ಹಿಡಿದರೆ ಮಧ್ಯವರ್ತಿಯ ಪಾಲು ಉಳಿಯುತ್ತದೆ. ಆ ಹಣದಲ್ಲಿ ಇನ್ನೆರಡು ದಿನ ಹೆಚ್ಚು ಕಲಿಯಬಹುದು.