ಚಿತ್ರದ ಕೋಣೆ, ಕಣ್ಣಿನ ಅಳತೆ

ಮನೆ ಕಟ್ಟಿಸುವವರಿಗೆ ಎಂಜಿನಿಯರು ಈಗ ನಕ್ಷೆಯ ಜೊತೆಗೆ ಕಂಪ್ಯೂಟರ್ ರಚಿಸಿದ ಬಣ್ಣದ ಚಿತ್ರವನ್ನೂ ಕೊಡುವುದುಂಟು. ನಕ್ಷೆ ಓದಲು ಬಾರದವರು ಚಿತ್ರವನ್ನೇ ನಂಬುತ್ತಾರೆ. ನಂಬಬಹುದೇ?

ಅದರಲ್ಲಿ 10 ಅಡಿಯ ಕೋಣೆ ಸಭಾಂಗಣದಂತೆ ಕಾಣುವುದನ್ನು ನೀವು ಗಮನಿಸಿರಬಹುದು. ಇಡೀ ಕೋಣೆಯನ್ನು ಚೌಕಟ್ಟಿನೊಳಗೆ ಹಿಡಿಸಲು ತಂತ್ರಾಂಶದ ಕ್ಯಾಮೆರಾಕ್ಕೆ ಅಗಲವಾದ ನೋಟಕೋನ ಕೊಡುತ್ತಾರೆ. ಅದು 90 ಡಿಗ್ರಿ ಎನ್ನಿ. ಟ್ಯಾನ್ 45 ಡಿಗ್ರಿಯ ಬೆಲೆ 1. ಆದ್ದರಿಂದ 20 ಸೆಂ.ಮೀ. ಅಗಲದ ಚಿತ್ರವನ್ನು ಕಣ್ಣಿನಿಂದ 10 ಸೆಂ.ಮೀ. ದೂರದಲ್ಲಿ ಹಿಡಿದರೆ ಮಾತ್ರ ಅದರ ಆಳ ನಿಜಕ್ಕೆ ಹೊಂದುತ್ತದೆ. ಹಾಗೆ ಯಾರು ಹಿಡಿಯುತ್ತಾರೆ? ಕೈಯಳತೆಯಲ್ಲಿ ಹಿಡಿದಾಗ ಎದುರಿನ ಗೋಡೆ ಇನ್ನಷ್ಟು ಹಿಂದೆ ಸರಿದಂತೆ ತೋರುತ್ತದೆ. ರಬಕವಿ-ಬನಹಟ್ಟಿಯಲ್ಲಿ ಮನೆಯೊಳಗೇ ಮಗ್ಗ ಹಾಕುವ ನೇಕಾರರಿಗೆ ಇದು ಸಣ್ಣ ಮಾತಲ್ಲ.

ಬಿಸಿಲಿನ ಕಥೆಯೂ ಅಷ್ಟೇ. ಚಿತ್ರಗಳಲ್ಲಿ ಹೆಚ್ಚಾಗಿ ಸಂಜೆಯ ಎಳೆಬಿಸಿಲು! ಜಮಖಂಡಿ, ಮುಧೋಳ, ಬೀಳಗಿಗಳು ಇರುವುದು ಸುಮಾರು 16.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ನಡುಹಗಲಿನ ಸೂರ್ಯ ನೆತ್ತಿಗೆ ಬರುತ್ತಾನೆ; ಆಮೇಲೆ ಆಗಸ್ಟ್ ಮೊದಲ ವಾರದವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೂ ಬಿಸಿಲು ತಪ್ಪದು. ಊರು, ದಿನಾಂಕ, ವೇಳೆ ಕೊಟ್ಟರೆ ಸರಿಯಾದ ನೆರಳು ಬಿಡಿಸುವ ತಂತ್ರಾಂಶಗಳಿವೆ. ಮೇ ತಿಂಗಳ ಮಧ್ಯಾಹ್ನದ ಚಿತ್ರವನ್ನೂ ಕೇಳಿ. ಮಗ್ಗವನ್ನು ಅದರ ನಿಜ ಅಳತೆಯಲ್ಲಿ ಕೋಣೆಯೊಳಗೆ ಇರಿಸಲು ಹೇಳಿ.