ಎಂಟರಲ್ಲಿ ಐದು ಹೋದರೆ ಹದಿಮೂರು

ಪೈಥಾನ್ ಕಲಿಯೋರು ಶುರುವಿನಲ್ಲೇ ಬರೆಯೋ ಪ್ರೋಗ್ರಾಂ ಕ್ಯಾಲ್ಕುಲೇಟರ್. ಎರಡು ಸಂಖ್ಯೆ, ಒಂದು ಚಿಹ್ನೆ, ಒಂದು ಉತ್ತರ. ಇಪ್ಪತ್ತು ಸಾಲಲ್ಲಿ ಮುಗಿಯುತ್ತೆ. ಕೆಂಗೇರಿ ಕಡೆ ಇಂಜಿನಿಯರಿಂಗ್ ಓದೋ ಹುಡುಗರು ಇದನ್ನ ಬರೆಯೋದನ್ನೂ, ಕೆಟ್ಟಾಗ ಹೇಳಿಕೊಡೋರು ಸರಿಮಾಡೋದನ್ನೂ ನೋಡ್ತಾ ಬಂದಿದ್ದೇನೆ. ಪಾಠ ಒಳ್ಳೆಯದೇ. ನನ್ನ ತಕರಾರು ಇರೋದು ರಿಪೇರಿ ಮಾಡೋ ರೀತಿಯ ಬಗ್ಗೆ.

ಮೊದಲ ತಪ್ಪು ಹಳೆಯದು. 12 ಮತ್ತು 3 ಕೊಟ್ಟು ಕೂಡು ಅಂದರೆ 123 ಬರುತ್ತೆ. ಪೈಥಾನ್ 3ರಲ್ಲಿ ‘ಇನ್‌ಪುಟ್’ ಏನನ್ನೇ ಓದಿದರೂ ಅದನ್ನ ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ, ಕೈಗಿಡುತ್ತೆ. ಎರಡು ಸ್ಟ್ರಿಂಗ್ ನಡುವೆ ಪ್ಲಸ್ ಇದ್ದರೆ ಅದು ಅಂಟಿಸುತ್ತೆ, ಕೂಡಲ್ಲ. ಇಷ್ಟನ್ನ ಹೇಳೋಕೆ ಎರಡು ನಿಮಿಷ ಸಾಕು. ಹೇಳೋದು ಮಾತ್ರ ‘ಇಂಟ್ ಹಾಕು’ ಅಂತ. ಮುಂದೆ ಯಾರೋ 2.5 ಕೊಟ್ಟರೆ ವ್ಯಾಲ್ಯೂ ಎರರ್. ಆಗ ‘ಫ್ಲೋಟ್ ಹಾಕು’. ಮಾತ್ರೆ ಸಿಕ್ಕಿತು, ಕಾಯಿಲೆ ಏನು ಅಂತ ಗೊತ್ತಾಗಲಿಲ್ಲ.

ಎರಡನೇದು ಇನ್ನೂ ಕಿಲಾಡಿ. ಕೂಡೋದು, ಕಳೆಯೋದು ಎರಡನ್ನೂ ಒಂದೇ ಸಾಲಲ್ಲಿ ಪರೀಕ್ಷಿಸೋಣ ಅಂತ ‘ಚಿಹ್ನೆ ಪ್ಲಸ್‌ಗೆ ಸಮ ಆರ್ ಮೈನಸ್’ ಅಂತ ಬರೀತಾರೆ. ನಮ್ಮ ಕಿವಿಗೆ ಸರಿಯಾಗೇ ಕೇಳುತ್ತೆ. ಪೈಥಾನ್ ಮಾತ್ರ ‘ಆರ್’ ಆಚೆಗಿನ ಮೈನಸ್ಸನ್ನ ಬೇರೆಯಾಗಿ ನೋಡುತ್ತೆ. ಖಾಲಿ ಇಲ್ಲದ ಸ್ಟ್ರಿಂಗ್ ಅದರ ಲೆಕ್ಕದಲ್ಲಿ ಯಾವತ್ತೂ ನಿಜ. ಹಾಗಾಗಿ ಯಾವ ಚಿಹ್ನೆ ಕೊಟ್ಟರೂ ಆ ಮೊದಲ ಕವಲಿಗೇ ಹೋಗುತ್ತೆ. ಆ ಕವಲಲ್ಲಿ ಕೂಡೋ ಸಾಲಿದ್ದರೆ, ಎಂಟರಲ್ಲಿ ಐದು ಹೋದರೆ ಹದಿಮೂರು! ಕೆಂಪು ಅಕ್ಷರವಿಲ್ಲ, ಎರರ್ ಇಲ್ಲ. ಬಾಯಿಮುಚ್ಚಿಕೊಂಡು ತಪ್ಪು ಹೇಳೋ ಪ್ರೋಗ್ರಾಂ, ಕಿರುಚಿ ನಿಲ್ಲೋ ಪ್ರೋಗ್ರಾಂಗಿಂತ ಅಪಾಯ.

ಆದರೆ ನಾವು ಕಲಿಸೋದು ಕಿರುಚಾಟವನ್ನ ಅಡಗಿಸೋಕೆ. ಇಡೀ ಪ್ರೋಗ್ರಾಮನ್ನ ಒಂದು ‘ಟ್ರೈ’ ಒಳಗೆ ತುರುಕಿ, ಕೆಳಗೆ ಬರೀ ‘ಎಕ್ಸೆಪ್ಟ್’ ಹಾಕಿ, ‘ದಯವಿಟ್ಟು ಸರಿಯಾದ ಸಂಖ್ಯೆ ಕೊಡಿ’ ಅಂತ ಪ್ರಿಂಟ್ ಮಾಡಿಸ್ತೀವಿ. ಸೊನ್ನೆಯಿಂದ ಭಾಗಿಸಿದರೂ ಅದೇ ಮಾತು. ಬರೆದವನೇ ವೇರಿಯಬಲ್ ಹೆಸರಲ್ಲಿ ಒಂದಕ್ಷರ ತಪ್ಪಿಸಿದ್ದರೂ ಅದೇ ಮಾತು. ತಪ್ಪು ಬರೆದವನದು, ಬೈಗುಳ ಬಳಸಿದವರಿಗೆ. ಆಫೀಸಲ್ಲಿ ನಾವು ಕಟ್ಟೋ ಆ್ಯಪ್‌ಗಳು ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಅನ್ನೋ ಚಾಳಿ ಇಲ್ಲಿಂದಲೇ ಬೆಳೆದದ್ದು ಅಂತ ನನ್ನ ಗುಮಾನಿ.

ಅತಿ ಕಾವಲಿನದೂ ಇದೇ ಕಥೆ. 0ಯಿಂದ 9ರ ಪಟ್ಟಿ ಮಾಡಿ, ಅದರಲ್ಲಿಲ್ಲದ್ದು ಬಂದರೆ ತಪ್ಪು ಅನ್ನಿಸ್ತಾರೆ. ಮೈನಸ್ 4 ಹೊರಗೆ, 2.5 ಹೊರಗೆ. ತಮಾಷೆ ಅಂದರೆ ಕನ್ನಡದ ೧೨ ಕೊಟ್ಟರೂ ಪೈಥಾನಿನ ‘ಇಂಟ್’ ಅದನ್ನ 12 ಅಂತಲೇ ಓದುತ್ತೆ. ಯಂತ್ರ ಒಪ್ಪಿಕೊಂಡದ್ದನ್ನ ಅಡ್ಡಹಾಕೋದು ನಮ್ಮ ಕಾವಲುಗಾರ.

ಜೂನಿಯರ್‌ಗಳಿಗೆ ಹೇಳಿಕೊಡೋರು ಎರಡು ಕೆಲಸ ಮಾಡಿ ಸಾಕು. ಎರರ್ ಬಂದಾಗ ಕೀಬೋರ್ಡ್ ಕಿತ್ತುಕೊಳ್ಳಬೇಡಿ. ಅದರ ಕೊನೇ ಸಾಲನ್ನ ಮೊದಲು ಓದಿಸಿ, ಅರ್ಥವನ್ನ ಕನ್ನಡದಲ್ಲಿ ಹೇಳಿಸಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಆ ಇಂಗ್ಲಿಷ್ ಸಾಲು ಬೈಗುಳದ ಥರ ಕಾಣಬಹುದು. ಅದು ಸುಳಿವು ಅಂತ ಒಮ್ಮೆ ಗೊತ್ತಾದರೆ ಆಮೇಲೆ ನೀವು ಬೇಕಾಗಲ್ಲ. ಇನ್ನು ಎರರ್ ಬಾರದೇ ಇದ್ದಾಗ, ಉತ್ತರ ಮೊದಲೇ ಗೊತ್ತಿರೋ ನಾಲ್ಕು ಲೆಕ್ಕ ಕೊಡಿಸಿ. ಎಂಟರಲ್ಲಿ ಐದು ಕಳೆಯೋದೂ ಅದರಲ್ಲಿರಲಿ.